ತುರ್ತು ರೇಡಿಯೊ ತಂಡಕ್ಕೆ ಜನ ಸೇರಿಸುವುದು ಹೇಗೆ?

ಚಂಡಮಾರುತವೋ ಭೂಕಂಪವೋ ಬಂದಾಗ ಮೊಬೈಲ್ ಸತ್ತುಹೋಗಲು ಟವರ್ ಬೀಳಲೇಬೇಕೆಂದಿಲ್ಲ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೂ ಸಾಕು. ಆಗ ಒಂದು ಕಾರ್ ಬ್ಯಾಟರಿ, ಒಂದು ರೇಡಿಯೊ, ಮರಕ್ಕೆ ಕಟ್ಟಿದ ತಂತಿ ಇಷ್ಟರಲ್ಲೇ ನೂರಾರು ಕಿಲೋಮೀಟರ್ ಆಚೆಗೆ ಸುದ್ದಿ ಮುಟ್ಟಿಸುವವರು ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರು. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ, ಹವ್ಯಾಸಕ್ಕೆಂದು ಅಂಡಮಾನ್‌ಗೆ ಹೋಗಿದ್ದ ಹ್ಯಾಮ್‌ಗಳು ತಮ್ಮ ರೇಡಿಯೊಗಳಲ್ಲೇ ತುರ್ತು ಸಂದೇಶ ಕಳಿಸತೊಡಗಿದರು. ಅವರು ಅಲ್ಲಿದ್ದದ್ದು ಅದೃಷ್ಟ. ಪ್ರತಿ ಸಲ ಹಾಗಾಗುವುದಿಲ್ಲ ಅಲ್ವಾ? ಅದಕ್ಕೇ ತಂಡ ಬೇಕು.

ಜನರನ್ನು ಹುಡುಕುವ ಮೊದಲು ಕೆಲಸಗಳ ಪಟ್ಟಿ ಮಾಡಿ. ಸುಮ್ನೆ ‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ‘ತಿಂಗಳಿಗೆ ಎರಡು ಸಂಜೆ, ಸಂದೇಶ ಬರೆದುಕೊಳ್ಳಲು ಒಬ್ಬರು ಬೇಕು’ ಎಂದರೆ ಯಾರೋ ಒಬ್ಬರು ತಮ್ಮ ಸಂಜೆಗಳನ್ನು ಲೆಕ್ಕ ಹಾಕುತ್ತಾರೆ. ಲಾಗ್ (ಬಂದುಹೋದ ಸಂದೇಶಗಳ ದಾಖಲೆ) ಬರೆಯುವುದು, ಬ್ಯಾಟರಿ ಚಾರ್ಜ್ ಮಾಡಿಡುವುದು, ಗಾಡಿ ಓಡಿಸುವುದು, ಆಂಟೆನಾ ಎತ್ತಿ ಕಟ್ಟುವುದು, ಇದ್ಯಾವುದಕ್ಕೂ ಹ್ಯಾಮ್ ಲೈಸೆನ್ಸ್ ಬೇಡ. ಸ್ವಂತವಾಗಿ ರೇಡಿಯೊದಲ್ಲಿ ಮಾತಾಡಬೇಕಾದರೆ ಮಾತ್ರ ಪರೀಕ್ಷೆ ಪಾಸಾಗಿ ಲೈಸೆನ್ಸ್, ಕಾಲ್ ಸೈನ್ (ರೇಡಿಯೊದಲ್ಲಿ ಹೇಳಿಕೊಳ್ಳುವ ಗುರುತಿನ ಸಂಕೇತ) ಪಡೆದಿರಬೇಕು. ಮೋರ್ಸ್ (ಚುಕ್ಕಿ-ಗೆರೆಗಳ ಸಂಕೇತ ಭಾಷೆ) ಕಲಿಯಬೇಕಲ್ಲ ಎಂದು ಹಿಂಜರಿಯುವವರು ಈಗಲೂ ಇದ್ದಾರೆ. ಅಂತಾರಾಷ್ಟ್ರೀಯ ನಿಯಮ 2003ರಲ್ಲೇ ಆ ಕಡ್ಡಾಯವನ್ನು ಕೈಬಿಟ್ಟು, ತೀರ್ಮಾನವನ್ನು ಆಯಾ ದೇಶಗಳಿಗೆ ಬಿಟ್ಟಿತು ಎಂದು ಅವರಿಗೆ ಹೇಳಿ.

ಯಾರನ್ನು ಕೇಳುವುದು? ಲೈಸೆನ್ಸ್ ತೆಗೆದುಕೊಂಡು ರೇಡಿಯೊವನ್ನು ಕಪಾಟಿಗೆ ಸೇರಿಸಿದವರು ಎಲ್ಲ ಕಡೆ ಇರುತ್ತಾರೆ. ಮೊದಲು ಅವರ ಬಾಗಿಲು ತಟ್ಟಿ. ಆಮೇಲೆ ಚಾರಣಿಗರು, ನರ್ಸ್‌ಗಳು, ಎಲೆಕ್ಟ್ರಿಷಿಯನ್‌ಗಳು, ನಿವೃತ್ತ ಮೇಷ್ಟ್ರುಗಳು. ಹೊಸ ಉಪಕರಣದ ಬಗ್ಗೆಯೇ ಗಂಟೆಗಟ್ಟಲೆ ಮಾತಾಡುವವರಿಗಿಂತ, ಗದ್ದಲದಲ್ಲೂ ಕಿವಿಗೊಟ್ಟು ಕೇಳಿ ನೀಟಾಗಿ ಬರೆಯುವವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಬಂದವರಿಗೆ ಭಾಷಣ ಬೇಡ, ಕೆಲಸ ಕೊಡಿ. ಲೈಸೆನ್ಸ್ ಇರುವ ಇಬ್ಬರು ಮೈದಾನದ ಎರಡು ತುದಿಯಲ್ಲಿ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊ) ಹಿಡಿದು ನಿಲ್ಲಲಿ. ಒಬ್ಬರು ಓದಿದ ಸಂದೇಶವನ್ನು ಇನ್ನೊಂದು ತುದಿಯಲ್ಲಿ ಹೊಸಬರು ಬರೆದುಕೊಳ್ಳಲಿ. ಕೊನೆಗೆ ಎರಡೂ ಕಾಗದ ಅಕ್ಕಪಕ್ಕ ಇಟ್ಟು ನೋಡಿ. ಕೊರಕೊರ ಸದ್ದಿನಲ್ಲಿ ‘ಎಪ್ಪತ್ತು’ ಸಲೀಸಾಗಿ ‘ಎಂಬತ್ತು’ ಆಗಿರುತ್ತದೆ. ‘ಏಳು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಯಾಕೆ ಹೇಳಬೇಕೆಂದು ಆಗ ತಾನಾಗಿ ತಿಳಿಯುತ್ತದೆ. ರೇಡಿಯೊದಲ್ಲಿ ಮಾತಾಡುವಾಗ ಒತ್ತಿ ಹಿಡಿಯುವ ಬಟನ್ ಒತ್ತಿ ಅರೆಕ್ಷಣ ತಡೆದು ಮಾತಾಡಬೇಕು, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ಬೇಗ ಬಿಡುವುದು ಇನ್ನೂ ಅಪಾಯ. ನಮ್ಮ ಭಾಷೆಯಲ್ಲಿ ‘ಇಲ್ಲ’ ಬರುವುದೇ ಕೊನೆಗೆ. ‘ಸೇತುವೆ ಮೇಲೆ ಲಾರಿ ಹೋಗುವುದಿಲ್ಲ’ ಎನ್ನುತ್ತಾ ಬೆರಳು ಸಡಿಲಿಸಿದರೆ, ಆ ಕಡೆಯವರು ಲಾರಿ ಹೋಗುವುದು ಎಂದೇ ಬರೆದುಕೊಳ್ಳಬಹುದು.

ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದು ಜಾಸ್ತಿ ಕಷ್ಟ. ವಿಪತ್ತು ವರ್ಷಗಟ್ಟಲೆ ಬರದಿರಬಹುದು. ಅಲ್ಲಿಯವರೆಗೆ ಎಲ್ಲರನ್ನೂ ಹಿಡಿದಿಡುವುದು ವಾರದ ನೆಟ್. ಗೊತ್ತಾದ ಹೊತ್ತಿಗೆ, ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಹಾಜರಿ ಹೇಳುವ ಕೂಟ ಅದು. ಇಪ್ಪತ್ತು ನಿಮಿಷ ಸಾಕು. ಅದನ್ನು ನಡೆಸುವ ನೆಟ್ ಕಂಟ್ರೋಲ್ ಕೆಲಸ ಲೈಸೆನ್ಸ್ ಸಿಕ್ಕ ಹೊಸಬರಿಗೂ ಸರದಿ ಪ್ರಕಾರ ಬರಲಿ. ಹಿರಿಯರೊಬ್ಬರೇ ವರ್ಷವಿಡೀ ಮೈಕ್ ಹಿಡಿದರೆ ಮಿಕ್ಕವರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಮ್ಯಾರಥಾನ್, ಸೈಕಲ್ ಸ್ಪರ್ಧೆಗಳಲ್ಲಿ ನಿಮ್ಮ ದೇಶದ ನಿಯಮ ಬಿಟ್ಟಷ್ಟು ಸಂಪರ್ಕದ ಕೆಲಸ ಮಾಡಿ. ನಿಜವಾದ ಜನಸಂದಣಿ, ನಿಜವಾದ ಗೊಂದಲ ಅಲ್ಲೇ ಸಿಗುತ್ತದೆ.

ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಪರಿಹಾರ ಕಾರ್ಯದ ಅಧಿಕಾರಿಗಳು ಕರೆಯದೆ ಯಾರೂ ರೇಡಿಯೊ ಹಿಡಿದು ಸ್ಥಳಕ್ಕೆ ನುಗ್ಗಬಾರದು. ಅವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಹೆಸರು ಬರೆಸಿಕೊಳ್ಳುವ ಫಾರಂನಲ್ಲಿ ಇನ್ನೊಂದು ಪ್ರಶ್ನೆ ಇರಲಿ: ನೀವು ಹೊರಟರೆ ಮನೆಯವರನ್ನು ಯಾರು ನೋಡಿಕೊಳ್ಳುತ್ತಾರೆ? ನೆರೆ ಬಂದಾಗ ಸ್ವಯಂಸೇವಕರ ಮನೆಗೂ ನೀರು ನುಗ್ಗುತ್ತದೆ. ಆದ್ದರಿಂದ ಪ್ರತಿ ಕೆಲಸದ ಮುಂದೆ ಎರಡು ಹೆಸರು ಬರೆಯಿರಿ, ಆದಷ್ಟು ಬೇರೆ ಬೇರೆ ಬಡಾವಣೆಯವರದ್ದು.