ಮೆಮೊರಿ ‘ಫ್ರೀ’ ಇಲ್ಲವೆ? ರ‍್ಯಾಮ್ ಕೊಳ್ಳುವ ಮೊದಲು ಹೀಗೆ ನೋಡಿ

ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನಮ್ಮ ಬಾವ ಕಳೆದ ವಾರ ಫೋನ್ ಮಾಡಿದ್ದರು. “ಬಿಲ್ಲಿಂಗ್ ಕಂಪ್ಯೂಟರಿನ ಮೆಮೊರಿ ಮುಗೀತು ಮಾರಾಯ. 8 ಜಿಬಿಯಲ್ಲಿ 218 ಎಂಬಿ ಮಾತ್ರ ಫ್ರೀ ಉಂಟು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಇನ್ನೊಂದು ರ‍್ಯಾಮ್ ತರಲಾ?”

ಅವರದು ಲಿನಕ್ಸ್ ಯಂತ್ರ. ಮೊದಲು ಟರ್ಮಿನಲ್ ತೆರೆದು ‘ಫ್ರೀ’ ಕಮಾಂಡಿಗೆ ಹೈಫನ್ ಎಚ್ ಸೇರಿಸಿ ಕೊಡಿ ಎಂದೆ. ನೋಡಬೇಕಾದದ್ದು ‘ಫ್ರೀ’ ಕಾಲಂ ಅಲ್ಲ, ಕೊನೆಯ ‘ಅವೈಲಬಲ್’. ಅಲ್ಲಿ 5 ಜಿಬಿ ಇತ್ತು!

ಡಿಸ್ಕಿನಿಂದ ಒಮ್ಮೆ ಓದಿದ ಫೈಲನ್ನು ಕರ್ನಲ್ (ಲಿನಕ್ಸಿನ ತಿರುಳು, ಮೆಮೊರಿ ಹಂಚುವುದು ಇದೇ) ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ಮೆಮೊರಿಯಲ್ಲೇ ಉಳಿಸಿಕೊಳ್ಳುತ್ತದೆ. ಇದು ಪೇಜ್ ಕ್ಯಾಶ್. ಮಧ್ಯಾಹ್ನ ಮೂರೂವರೆಗೆ ಕಾಫಿ ಕುಡಿದು ಪೇಪರ್ ಓದುತ್ತ ಕೂತವರನ್ನು ಬಾವ ಎಬ್ಬಿಸುವುದಿಲ್ಲ. ಟೇಬಲ್ ಖಾಲಿ ಇಟ್ಟು ಲಾಭವೇನು? ಜನ ನುಗ್ಗಿದಾಗ ಮಾತ್ರ, ಬಹಳ ಹೊತ್ತಿನಿಂದ ಏನೂ ತರಿಸದೆ ಕೂತವರನ್ನು ಮೊದಲು ಎಬ್ಬಿಸುತ್ತಾರೆ. ಕರ್ನಲ್ಲಿನ ಲೆಕ್ಕವೂ ಹೆಚ್ಚುಕಡಿಮೆ ಅದೇ.

ಆದರೆ ಬಿಲ್ ಕೊಡದವರನ್ನು ಎಬ್ಬಿಸಿ ಕಳಿಸುವಂತಿಲ್ಲವಲ್ಲ? ಬದಲಾಗಿದ್ದು, ಇನ್ನೂ ಡಿಸ್ಕಿಗೆ ಬರೆಯದ ಪುಟಗಳು ಹಾಗೆ. ಅವಕ್ಕೆ ‘ಡರ್ಟಿ’ ಎನ್ನುತ್ತಾರೆ. ಪೆನ್‌ಡ್ರೈವಿಗೆ ದೊಡ್ಡ ಫೈಲ್ ಹಾಕಿದಾಗ ಕಾಪಿ ಮುಗಿಯಿತೆಂದು ತೋರಿಸಿದರೂ ಅರ್ಧ ಇನ್ನೂ ಮೆಮೊರಿಯಲ್ಲೇ ಇರಬಹುದು. ಆಗ ಕಿತ್ತರೆ ಫೈಲ್ ಕೆಡುತ್ತದೆ (ನನ್ನ ಮಗಳ ನಾಮಕರಣದ ವಿಡಿಯೊ ಹೋದದ್ದು ಹೀಗೇ). ‘ಸಿಂಕ್’ ಕಮಾಂಡ್ ಕೊಟ್ಟು, ಅದು ಮುಗಿಯುವ ತನಕ ಕಾಯಿರಿ. ಪ್ರೊಕ್ ಡೈರೆಕ್ಟರಿಯ ಮೆಮ್‌ಇನ್ಫೊ ಫೈಲಿನಲ್ಲಿ ‘ಡರ್ಟಿ’ ಎಂಬ ಸಾಲು ಇಳಿಯುವುದು ಕಾಣುತ್ತದೆ.

ಫೈಲಿನ ಒಳಗಿದ್ದದ್ದಷ್ಟೇ ಅಲ್ಲ, ಅದರ ಹೆಸರು, ವಿಳಾಸಗಳೂ ಕ್ಯಾಶ್ ಆಗುತ್ತವೆ. ಇವು ಪುಟಕ್ಕಿಂತ ತೀರ ಚಿಕ್ಕವು. ಒಂದೊಂದಕ್ಕೆ 4 ಕೆಬಿ ಕೊಟ್ಟರೆ ದಂಡ. ಅದಕ್ಕೇ ಪುಟವನ್ನು ಇಡ್ಲಿ ತಟ್ಟೆಯಂತೆ ಸಮ ಗುಳಿಗಳಾಗಿ ಮಾಡಿ, ಒಂದು ತಟ್ಟೆಯಲ್ಲಿ ಒಂದೇ ಬಗೆಯ ವಸ್ತು ಇಡುತ್ತಾರೆ. ಖಾಲಿಯಾದ ಗುಳಿಗೆ ಅದೇ ಅಳತೆಯದು ಮತ್ತೆ ಬಂದು ಕೂರುತ್ತದೆ. ಈ ‘ಸ್ಲ್ಯಾಬ್’ ವಿಧಾನವನ್ನು ಜೆಫ್ ಬಾನ್‌ವಿಕ್ ಅವರು ಸನ್ ಕಂಪನಿಯ ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ರೂಪಿಸಿ 1994ರಲ್ಲಿ ಪ್ರಕಟಿಸಿದರು. ಆಮೇಲೆ ಅದು ಲಿನಕ್ಸಿಗೂ ಬಂತು. ನನಗೆ ಇಡೀ ಕರ್ನಲ್ಲಿನಲ್ಲಿ ಇಷ್ಟವಾದ ಉಪಾಯ ಇದೇ. ರೂಟ್ (ಯಂತ್ರದ ಪೂರ್ತಿ) ಅಧಿಕಾರದಲ್ಲಿ ‘ಸ್ಲ್ಯಾಬ್‌ಟಾಪ್’ ಓಡಿಸಿದರೆ ಯಾವ ತಟ್ಟೆ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಹೆಸರು, ವಿಳಾಸಗಳ ಈ ತಟ್ಟೆಗಳನ್ನು ಎಷ್ಟು ಬಿರುಸಾಗಿ ತೆರವು ಮಾಡಬೇಕೆಂದು ನಿಗದಿ ಮಾಡುವ ‘ವಿಎಫ್‌ಎಸ್ ಕ್ಯಾಶ್ ಪ್ರೆಶರ್’ ಎಂಬ ಸೆಟ್ಟಿಂಗ್ ಮೂಲದಲ್ಲಿ 100 ಇರುತ್ತದೆ. ಅದನ್ನು 0 ಮಾತ್ರ ಮಾಡಬೇಡಿ, ತಟ್ಟೆಗಳು ತೆರವಾಗುವುದೇ ನಿಂತು ಮೆಮೊರಿ ನಿಜಕ್ಕೂ ಮುಗಿದೀತು.

‘ಡ್ರಾಪ್ ಕ್ಯಾಶಸ್’ ಮಾಡಿ ಎಲ್ಲ ಖಾಲಿ ಮಾಡಿಸುವ ಸಲಹೆಯೂ ಸಿಗುತ್ತದೆ. ಡಿಸ್ಕಿನ ವೇಗ ಅಳೆಯುವವರಿಗೆ ಅದು ಬೇಕು, ಉಳಿದವರಿಗೆ ಯಂತ್ರ ನಿಧಾನವಾಗುವುದಷ್ಟೇ ಲಾಭ.

ಕೊನೆಗೆ, ಊಟದ ರಶ್ ಇರುವಾಗ ‘ವಿಎಂಸ್ಟ್ಯಾಟ್ 5’ (ಐದು ಸೆಕೆಂಡಿಗೊಮ್ಮೆ ಲೆಕ್ಕ ಕೊಡುತ್ತದೆ) ಓಡಿಸಿಟ್ಟು ಸ್ವಾಪಿನ ‘ಎಸ್‌ಐ’, ‘ಎಸ್‌ಒ’ ಕಾಲಂ ನೋಡಿ. ಸ್ವಾಪ್ ಎಂದರೆ ಮೆಮೊರಿಯಲ್ಲಿ ಜಾಗ ಸಾಲದಾಗ ಪುಟಗಳನ್ನು ಡಿಸ್ಕಿಗೆ ಸಾಗಿಸಿಡುವ ಜಾಗ; ಎಸ್‌ಐ ಅಲ್ಲಿಂದ ಮರಳಿ ಬಂದದ್ದು, ಎಸ್‌ಒ ಅಲ್ಲಿಗೆ ಹೋದದ್ದು. ಅವೈಲಬಲ್ ತಳ ಕಂಡು, ಇಲ್ಲಿ ಅಂಕಿಗಳು ಬಿಡದೆ ಓಡುತ್ತಿದ್ದರೆ ರ‍್ಯಾಮ್ ಬೇಕೆಂದೇ ಅರ್ಥ. ಬಾವನ ಯಂತ್ರದಲ್ಲಿ ಒಂದರಿಂದ ಎರಡೂವರೆ ತನಕ ಎರಡೂ ಸೊನ್ನೆ. “ಹಾಗಾದ್ರೆ ಬಿಲ್ ತಡವಾಗೋದು ಯಾಕೆ?” ಎಂದರು. ಪ್ರಿಂಟರ್ ನೋಡಿ ಎಂದೆ.