ಆಲ್ಬರ್ಸ್‌ನ ಚೌಕ, ನನ್ನ ಹಾರ್ಡ್‌ಬೋರ್ಡ್

ಚಿತ್ರಕಾರ ಜೋಸೆಫ್ ಆಲ್ಬರ್ಸ್‌ನ ಚೌಕಗಳನ್ನು ಅಚ್ಚಿನಲ್ಲಿ ನೋಡಿದಾಗಲೆಲ್ಲ "ಇಷ್ಟೇನಾ?" ಎನ್ನಿಸುತ್ತಿತ್ತು. ಒಂದರೊಳಗೊಂದು ಮೂರೋ ನಾಲ್ಕೋ ಚೌಕ. ಹೋದ ಮಳೆಗಾಲದಲ್ಲಿ ಅದನ್ನೇ ಮಾಡಲು ಕುಳಿತೆ. ಸೊಕ್ಕು ಇಳಿಯಿತು.

ಆತ ಬಳಸುತ್ತಿದ್ದುದು ಮೆಸೊನೈಟ್ ಹಲಗೆ, ಅಂದರೆ ನಮ್ಮ ಹಾರ್ಡ್‌ಬೋರ್ಡ್. ಅದಕ್ಕೆ ಹಲವು ಸಲ ಬಿಳಿ ಬಳಿದು, ಟ್ಯೂಬಿನ ಬಣ್ಣವನ್ನು ನೇರವಾಗಿ ಚಾಕುವಿನಿಂದ ಸವರುತ್ತಿದ್ದ. ನಡುವಿನ ಚೌಕದಿಂದ ಹೊರಕ್ಕೆ ಬರುತ್ತಿದ್ದ. ಇದನ್ನು ಕಲಿಸಿದ್ದು ಅಪ್ಪನಂತೆ. ಜರ್ಮನಿಯ ಬೊಟ್ರೊಪ್ ಎಂಬ ಗಣಿಯೂರಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ ಆಸಾಮಿ. ಬಾಗಿಲನ್ನು ನಡುವಿನಿಂದ ಶುರು ಮಾಡಿದರೆ ಅಂಗಿಯ ತೋಳಿನ ತುದಿಗೆ ಬಣ್ಣ ಮೆತ್ತುವುದಿಲ್ಲ ಎಂಬುದು ಅವನ ಲೆಕ್ಕ. ನಮ್ಮ ಮನೆಗೆ ಬಂದಿದ್ದ ಪೇಂಟರ್‌ಗೆ ಇದನ್ನು ಹೇಳಿದೆ. "ಬಾಗಿಲಿಗೆ ಸರಿ ಸಾರ್, ಇದು ಯಾವ ಬಾಗಿಲು?" ಎಂದ.

ಮೊದಲ ಹಲಗೆಗೆ ಒಂದೇ ಬದಿ ಬಿಳಿ ಬಳಿದಿದ್ದೆ. ಮಳೆಯ ತಂಡಿಗೆ ಹಪ್ಪಳದಂತೆ ಸೊಟ್ಟಗಾಯಿತು. ಎರಡನೆಯದಕ್ಕೆ ಅಂಚು ನೇರ ಬರಲೆಂದು ಟೇಪ್ ಅಂಟಿಸಿದೆ. ಕಿತ್ತಾಗ ಬಣ್ಣವೂ ಜೊತೆಗೇ ಬಂತು. ಮೂರನೆಯದರಲ್ಲಿ ಹಳದಿಯ ಪಕ್ಕ ಬೂದು ಇಟ್ಟರೆ, ಬೂದು ನೇರಳೆಗೆ ತಿರುಗಿ ಕುಳಿತಿತು.

ಹಲಗೆ ಬದಿಗಿಟ್ಟು ಕಾಗದಕ್ಕೆ ಬಂದೆ. ಆಲ್ಬರ್ಸ್ ಕೂಡ ತರಗತಿಯಲ್ಲಿ ಬಣ್ಣದ ಕಾಗದಗಳನ್ನೇ ಹೆಚ್ಚು ನೆಚ್ಚಿದ್ದ. 1933ರಲ್ಲಿ ನಾಜಿಗಳ ಒತ್ತಡಕ್ಕೆ, ಅವನು ಕಲಿಸುತ್ತಿದ್ದ ಜರ್ಮನಿಯ ಬೌಹೌಸ್ ಕಲಾಶಾಲೆ ಮುಚ್ಚಿತು. ಅದೇ ವರ್ಷ, ಯಹೂದಿ ಮನೆತನದ ಹೆಂಡತಿ ಆನಿಯೊಡನೆ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಪಾಠ ಹೇಳಲು ಬಂದಾಗ, ಅವನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಾತು ಕೈಕೊಟ್ಟಲ್ಲಿ ಕೈಯೇ ಪಾಠ ಹೇಳಿರಬೇಕು ಎಂದು ನನ್ನ ಊಹೆ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದೆ. ಒಂದೇ ಮಣ್ಣುಬಣ್ಣದ ಎರಡು ತುಂಡು; ಒಂದು ಅರಿಶಿನದ ಮೇಲೆ, ಇನ್ನೊಂದು ಕಡುನೀಲಿಯ ಮೇಲೆ. ಮಗಳನ್ನು ಕರೆದೆ.

"ಎರಡೂ ಬೇರೆ ಅಪ್ಪಾ. ಇದು ಕಪ್ಪಗಿದೆ, ಅದು ತಿಳಿ."

ತುಂಡುಗಳನ್ನು ಎತ್ತಿ ಒಂದರ ಮೇಲೊಂದು ಇಟ್ಟು ತೋರಿಸಿದೆ. ನಾನೇನೋ ಕೈಚಳಕ ಮಾಡಿದೆನೆಂದು ಅವಳಿಗೆ ಇಂದಿಗೂ ಗುಮಾನಿ. ಆ ಜೋಡಿ ಹೊಂದಿಸಲು ನನಗೆ ನಾಲ್ಕು ಸಂಜೆ ಹಿಡಿದಿತ್ತು.

ಆಲ್ಬರ್ಸ್ ಚೌಕಗಳಿಗೆ ಕೈಹಾಕಿದ್ದು 1950ರಲ್ಲಿ, 62ರ ವಯಸ್ಸಿನಲ್ಲಿ. 1976ರಲ್ಲಿ ಸಾಯುವವರೆಗೂ ಬಿಡಲಿಲ್ಲ, ಸಾವಿರಕ್ಕೂ ಹೆಚ್ಚಾದವು. ಯಾವ ಬಣ್ಣ, ಯಾವ ಕಂಪನಿಯದು ಎಂದು ಪ್ರತಿ ಹಲಗೆಯ ಬೆನ್ನಿಗೆ ಬರೆದಿಡುತ್ತಿದ್ದ, ಅಡುಗೆಯ ಅಳತೆ ಬರೆದಿಟ್ಟಂತೆ. ನನ್ನ ಏಳನೆಯ ಹಲಗೆಯ ಬೆನ್ನಿಗೆ ನಾನೂ ಮೂರು ಬಣ್ಣಗಳ ಹೆಸರು ಬರೆದಿದ್ದೇನೆ. ಅದರ ಕೆಳಗೆ ಪೆನ್ಸಿಲಿನಲ್ಲಿ: "ಹೊರಗಿನ ಹಸಿರು ಜಾಸ್ತಿಯಾಯಿತು."