ಜ್ವರ ಬಿಟ್ಟ ಕೆಲವು ವಾರಗಳಿಗೆ ಮತ್ತೆ ಜ್ವರ ಬಂದರೆ: ದಾವಣಗೆರೆಗೆ ಹೊಸದಾಗಿ ಬಂದ ಪೋಷಕರಿಗೆ

ವರ್ಗಾವಣೆಯಾಗಿಯೋ ಮಕ್ಕಳ ಓದಿಗೆಂದೋ ದಾವಣಗೆರೆಗೆ ಬಂದು ಮನೆ ಮಾಡುವವರು ಬಾಡಿಗೆ ಕರಾರು, ಶಾಲೆಯ ವರ್ಗಾವಣೆ ಪತ್ರಗಳನ್ನು ಜೋಪಾನವಾಗಿ ತರುತ್ತಾರೆ. ಮಕ್ಕಳ ಹಳೆಯ ಆಸ್ಪತ್ರೆ ಚೀಟಿಗಳು ಮಾತ್ರ ಹಿಂದಿನ ಊರಿನಲ್ಲೋ ಬಿಚ್ಚದ ಯಾವುದೋ ಗಂಟಿನಲ್ಲೋ ಉಳಿದುಬಿಡುತ್ತವೆ. ಇಲ್ಲಿ ಹೇಳಹೊರಟಿರುವ, ಕೋವಿಡ್ ನಂತರ ಮಕ್ಕಳಲ್ಲಿ ಕಾಣಿಸುವ ಬಹು ಅಂಗಾಂಗ ಉರಿಯೂತದ ಕಾಯಿಲೆಯ ಮಟ್ಟಿಗೆ ಆ ಚೀಟಿಗಳು ಅಮೂಲ್ಯ. ಏಕೆಂದರೆ ಅದರ ಸುಳಿವು ಇಂದಿನ ಜ್ವರದಲ್ಲಿ ಎಷ್ಟಿದೆಯೋ ತಿಂಗಳ ಹಿಂದಿನ ಜ್ವರದಲ್ಲೂ ಅಷ್ಟೇ ಇರುತ್ತದೆ, ಮತ್ತು ಆ ಹಿಂದಿನ ಜ್ವರವನ್ನು ಈ ಊರಿನ ವೈದ್ಯರು ಕಂಡಿರುವುದಿಲ್ಲ.

ವೈರಾಣುವಿನ ಸೋಂಕು ಇಳಿದು, ಮಗು ಆಡಿಕೊಂಡು ಶಾಲೆಗೆ ಹೋಗತೊಡಗಿದ ಮೇಲೆ, ಸಾಮಾನ್ಯವಾಗಿ ಎರಡರಿಂದ ಆರು ವಾರಗಳ ನಡುವೆ, ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ಮಿತಿಮೀರಿ ಹೃದಯ, ರಕ್ತನಾಳ, ಕರುಳು, ಚರ್ಮಗಳಲ್ಲಿ ಉರಿಯೂತವನ್ನು ಎಬ್ಬಿಸುವುದುಂಟು. ಕೋವಿಡ್ ನಂತರ ಮಕ್ಕಳಲ್ಲಿ ಕಾಣಿಸುವ ಇಂಥ ಬಹು ಅಂಗಾಂಗ ಉರಿಯೂತವನ್ನು 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಮೊದಲು ಗುರುತಿಸಿದರು. ವೈದ್ಯರ ಬಾಯಲ್ಲಿ ಇದು ‘ಎಂಐಎಸ್-ಸಿ’. ಮೊದಲ ಸೋಂಕು ಬರಿಯ ನೆಗಡಿಯಷ್ಟೇ ಆಗಿರಬಹುದು, ಅಥವಾ ಮನೆಯವರ ಗಮನಕ್ಕೇ ಬಾರದೆ ಹೋಗಿರಬಹುದು. ಈಗ ಇದು ಮೊದಲಿಗಿಂತ ಬಹಳ ಅಪರೂಪವಾಗಿದೆ, ಆದ್ದರಿಂದ ಪ್ರತಿ ಜ್ವರಕ್ಕೂ ಗಾಬರಿಯಾಗಬೇಕಿಲ್ಲ. ಆದರೆ ಅಪರೂಪದ ಕಾಯಿಲೆಯೆಂದರೆ ತಡವಾಗಿ ನೆನಪಾಗುವ ಕಾಯಿಲೆಯೂ ಹೌದು.

ಮೂರು ದಿನ ಕಳೆದರೂ ಬಿಡದ ಜ್ವರ, ಕೀವಿಲ್ಲದೆ ಕೆಂಪಾದ ಎರಡೂ ಕಣ್ಣುಗಳು, ಒಡೆದು ಕೆಂಪೇರಿದ ತುಟಿ, ಮೈಮೇಲೆ ದದ್ದು, ಊದಿದ ಕೈಕಾಲು, ವಾಂತಿ ಭೇದಿ ಇವುಗಳಲ್ಲಿ ಕೆಲವು ಕೂಡಿಕೊಂಡು ಬಂದರೆ ಅದೇ ದಿನ ಮಕ್ಕಳ ವೈದ್ಯರನ್ನು ಕಾಣಬೇಕು. ಹೊಟ್ಟೆನೋವು ಕೆಲವು ಮಕ್ಕಳಲ್ಲಿ ಎಷ್ಟು ತೀವ್ರವಾಗಿರುತ್ತದೆಂದರೆ ಅದು ಅಪೆಂಡಿಕ್ಸ್‌ನ ನೋವೆಂದೇ ತೋರುತ್ತದೆ. ಮೈಮೇಲೆ ದದ್ದು ಎದ್ದೊಡನೆ ‘ಅಮ್ಮ’ ಆಗಿದೆಯೆಂದು ಬೇವಿನ ಸೊಪ್ಪು ಕಟ್ಟಿ ಮನೆಯಲ್ಲೇ ಮಲಗಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ನಗರದೇವತೆ ದುಗ್ಗಮ್ಮನ ಈ ಊರಿನಲ್ಲಿ ಆ ಭಕ್ತಿಯನ್ನು ಯಾರೂ ಪ್ರಶ್ನಿಸುವುದಿಲ್ಲ, ಹರಕೆ ಹೊತ್ತುಕೊಂಡೇ ಆಸ್ಪತ್ರೆಗೆ ಹೊರಡಬಹುದು. ಕೈಕಾಲು ತಣ್ಣಗಾಗುವುದು, ಮಗು ಮಂಪರಾಗಿ ಕರೆದರೂ ಓಗೊಡದಿರುವುದು, ಉಸಿರು ಏರುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ನಗರದಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ, ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗಗಳೂ ಇವೆ.

ಈ ಕಾಯಿಲೆಯನ್ನು ಖಚಿತಪಡಿಸುವ ಒಂದೇ ಒಂದು ಪರೀಕ್ಷೆ ಇಲ್ಲ. ಸಿಆರ್‌ಪಿ, ಇಎಸ್‌ಆರ್ ಮುಂತಾದ ರಕ್ತಪರೀಕ್ಷೆಗಳು ಉರಿಯೂತ ಇದೆಯೆಂದಷ್ಟೇ ಹೇಳುತ್ತವೆ. ಕೋವಿಡ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಈಗ ಬಹುಪಾಲು ಮಕ್ಕಳಲ್ಲಿ ಇರುವುದರಿಂದ ಆ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ. ಡೆಂಗಿ, ಟೈಫಾಯ್ಡ್, ಸ್ಕ್ರಬ್ ಟೈಫಸ್‌ಗಳು ಇದೇ ವೇಷದಲ್ಲಿ ಬರಬಲ್ಲವು; ಜಪಾನಿನ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ, ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳನ್ನು ಕಾಡುವ ‘ಕವಾಸಾಕಿ ಕಾಯಿಲೆ’ಯೂ ಇದನ್ನು ಬಹುವಾಗಿ ಹೋಲುತ್ತದೆ. ಆದಕಾರಣ ವೈದ್ಯರು ಒಂದಾದ ಮೇಲೊಂದು ಪರೀಕ್ಷೆ ಬರೆದಾಗ, ಹೃದಯದ ಎಕೋ ಎಂಬ ಸ್ಕ್ಯಾನ್ ಮಾಡಿಸಿರೆಂದಾಗ, ಹಣ ಕೀಳುತ್ತಿದ್ದಾರೆಂದು ತಟ್ಟನೆ ಭಾವಿಸಬಾರದು. ಎಕೋದಲ್ಲಿ ಹೃದಯದ ಬಡಿತದ ಬಲವೂ ಅದಕ್ಕೆ ರಕ್ತ ಒದಗಿಸುವ ನಾಳಗಳ ಹಿಗ್ಗುವಿಕೆಯೂ ಕಾಣುತ್ತವೆ.

ಪೋಷಕರು ಒದಗಿಸಬಹುದಾದದ್ದು ದಿನಾಂಕ. ಹಿಂದಿನ ಜ್ವರ ಯಾವ ವಾರ ಬಂದಿತ್ತು, ಆಗ ಮನೆಯಲ್ಲಿ ಬೇರೆ ಯಾರಿಗೆ ನೆಗಡಿ ಕೆಮ್ಮು ಇತ್ತು, ಈಗಿನ ಜ್ವರ ಯಾವಾಗ ಶುರುವಾಯಿತು, ಎಷ್ಟು ಡಿಗ್ರಿ, ಏನು ಔಷಧ ಕೊಟ್ಟಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದೊಯ್ಯಿರಿ. ಪ್ಯಾರಾಸಿಟಮಾಲ್ ಅನ್ನು ಮಗುವಿನ ತೂಕಕ್ಕೆ ತಕ್ಕಂತೆ, ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಲೆಕ್ಕದಲ್ಲಿ ವೈದ್ಯರು ಹೇಳಿದಂತೆ ಕೊಡಬಹುದು. ಡೆಂಗಿಯಲ್ಲವೆಂದು ತಿಳಿಯುವವರೆಗೆ ಐಬುಪ್ರೊಫೇನ್ ಬೇಡ. ಬೇಗ ಜ್ವರ ಇಳಿಯಲೆಂದು ಸೂಜಿ ಹಾಕಿಸಿರೆಂದು ನಾವೇ ಒತ್ತಾಯಿಸುವುದೂ ಸಲ್ಲದು, ಏಕೆಂದರೆ ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಲಕ್ಷಣಗಳು ಅಡಗಿ ರೋಗನಿರ್ಣಯ ಇನ್ನಷ್ಟು ಕಷ್ಟವಾಗುತ್ತದೆ. ಹಾಕಿಸಿದ್ದರೆ ಔಷಧದ ಹೆಸರು ಬರೆಸಿಕೊಳ್ಳಿ.

ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ಸಾಮಾನ್ಯವಾಗಿ ಸ್ಟೀರಾಯ್ಡ್ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ನಿಧಾನವಾಗಿ ಹಲವು ಗಂಟೆ ಹನಿಸುತ್ತಾರೆ. ಕೆ.ಜಿ.ಗೆ 2 ಗ್ರಾಂ ಪ್ರಮಾಣವಾದ್ದರಿಂದ 20 ಕೆ.ಜಿ. ತೂಕದ ಮಗುವಿಗೆ 40 ಗ್ರಾಂ ಬೇಕು, ಮತ್ತು ಅದು ದುಬಾರಿ. ಆದ್ದರಿಂದ ಊರಿಗೆ ಬಂದ ವಾರದಲ್ಲೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು, ರೇಷನ್ ಕಾರ್ಡು, ಆಧಾರ್ ಒಂದೇ ಚೀಲದಲ್ಲಿಡಿ. ಬಿಪಿಎಲ್ ಕುಟುಂಬಕ್ಕೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಚಿಕಿತ್ಸೆ ಯೋಜನೆಯಡಿ ಬರುತ್ತದೆಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ದಾಖಲಾದ ದಿನವೇ ಕೇಳಬೇಕು.

ಮಗು ಮನೆಗೆ ಬಂದ ಮೇಲೆ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸಬಾರದು; ಅಷ್ಟರಲ್ಲಿ ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಅಥವಾ ಫ್ಲೂ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಒಂದೆರಡು ವಾರದ ಹೊತ್ತಿಗೆ ಒಮ್ಮೆ, ನಾಲ್ಕರಿಂದ ಆರು ವಾರದ ಹೊತ್ತಿಗೆ ಮತ್ತೊಮ್ಮೆ ಎಕೋ ಮಾಡಿಸಬೇಕಾಗುತ್ತದೆ. ಹೃದಯಕ್ಕೆ ತೊಂದರೆಯಾಗಿದ್ದರೆ ಓಟ, ಕಬಡ್ಡಿ ಮೊದಲಾದ ಆಟಗಳಿಗೆ ಕೆಲವು ತಿಂಗಳು ವಿರಾಮ ಬೇಕೆಂದು ಶಾಲೆಯ ದೈಹಿಕ ಶಿಕ್ಷಕರಿಗೆ ಪತ್ರ ಕೊಡಿ. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಅಂಗನವಾಡಿಯಲ್ಲಿ ಲಸಿಕೆಯ ದಿನ ಆಶಾ ಕಾರ್ಯಕರ್ತೆಯ ಗಮನಕ್ಕೆ ಬರುವಂತೆ ಈ ವಿಷಯವನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ವೈದ್ಯರಿಂದ ಬರೆಸಿಡಿ.